ಅಮೀರ್‌ಜಾನ್ ಸಾಬರು ಮತ್ತು ಒಂಟಿ ತೋಳ

ಅಮೀರ್‌ಜಾನ್ ಸಾಬರು ಯಾವ ಪ್ರಾಣಿಯನ್ನೂ ಮುಖ ನೋಡಿ ಗುರುತಿಸುತ್ತಿರಲಿಲ್ಲ. ರಸ್ತೆಯಲ್ಲಿ ಎದುರಾದ ಎಮ್ಮೆಯಾಗಲಿ, ಟೀ ಅಂಗಡಿ ಮುಂದೆ ಮಲಗಿದ ನಾಯಿಯಾಗಲಿ, ಸುತ್ತು ಹಾಕಿಕೊಂಡು ಹೋಗಿ ಹಿಂದಿನಿಂದ ಒಮ್ಮೆ ನೋಡಿದ ಮೇಲೆಯೇ ಅವರಿಗೆ ಸಮಾಧಾನ. "ಮುಖದಲ್ಲಿ ಏನಿರುತ್ತಮ್ಮಾ? ಮುಂದ್ಗಡೆಯಿಂದ ಎಲ್ಲಾ ದನಾನೂ ಪಾಪದವೇ" ಎನ್ನುತ್ತಿದ್ದರು. ದೊಡ್ಡಬಳ್ಳಾಪುರದ ಹತ್ತಿರದ ಮಧುರೆ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿ, ಪಶು ಆಸ್ಪತ್ರೆಯಿಂದ ನಿವೃತ್ತರಾಗಿದ್ದರು. ಊರವರ ಬಾಯಲ್ಲಿ ಅವರು ಸೂಜಿ ಸಾಬ್ರು.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ತೋಳದ ಕಾರಣಕ್ಕೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಒಂದು ಅಧ್ಯಯನಕ್ಕೆ ಸಹಾಯಕಿಯಾಗಿ ಸೇರಿದ್ದೆ. ದೊಡ್ಡಬಳ್ಳಾಪುರದ ಕಡೆಯ ಬಯಲುಗಳಲ್ಲಿ ತೋಳಗಳು ಉಳಿದಿವೆಯೇ, ಉಳಿದಿದ್ದರೆ ಮರಿ ಮಾಡುತ್ತಿವೆಯೇ ಎಂದು ನೋಡುವುದು ಕೆಲಸ. ನೆಲಮಂಗಲದ ಮನೆಯಿಂದ ಮೊದಲ ಬಸ್ಸಿಗೆ ಹೊರಟು ಹಳ್ಳಿ ಹಳ್ಳಿ ತಿರುಗಿ ಕೇಳುತ್ತಿದ್ದೆ. "ತೋಳವಾ? ನಮ್ಮಜ್ಜನ ಕಾಲಕ್ಕೆ ಇತ್ತಂತೆ" ಎಂದು ಕೆಲವರು, "ನರಿ ಇರ್ಬೇಕು ಬಿಡಿ" ಎಂದು ಕೆಲವರು. ಕೊನೆಗೆ ಟೀ ಅಂಗಡಿಯ ಹೆಂಗಸೊಬ್ಬರು, "ಸೂಜಿ ಸಾಬ್ರನ್ನ ಕೇಳಿ ನೋಡಿ. ಬೆಳಗಾಗೆದ್ದು ಕಾಲುದಾರೀಲಿ ಓಡಾಡ್ದೋರು ಅವ್ರೊಬ್ರೇ" ಎಂದು ಮನೆ ತೋರಿಸಿದರು.

ಸಾಬರು ಅಂಗಳದಲ್ಲಿ ಕೂತು ಮೊಪೆಡ್‌ನ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ನಾನು ಬಂದ ವಿಷಯ ಹೇಳಿದೆ. ಪಂಪು ನಿಲ್ಲಿಸದೆಯೇ, "ಗಂಡೋ ಹೆಣ್ಣೋ?" ಎಂದರು.

"ಅಂದ್ರೆ?"

"ನಿಮ್ಗೆ ಬೇಕಾಗಿರೋ ತೋಳ ಮೇಡಂ. ಹೆಣ್ಣಾದ್ರೆ ಒಂದಿದೆ. ಗಂಡು ಕಣ್ಣಿಗೆ ಬಿದ್ದು ಮೂರು ವರ್ಷ ಆಯ್ತು."

ಮರುದಿನದಿಂದಲೇ ಅವರು ನನ್ನ ಜೊತೆ ಬಯಲಿಗೆ ಬರತೊಡಗಿದರು. ಊರಿನಿಂದ ಎರಡು ಮೈಲಿ ದೂರದ ಗೋಮಾಳ ಅದು. ಒಂದು ಪಕ್ಕ ನೀಲಗಿರಿ ತೋಪು, ಇನ್ನೊಂದು ಪಕ್ಕ ಕೆಲಸ ನಿಂತುಹೋದ ಕಲ್ಲು ಕ್ವಾರಿ, ನಡುವೆ ಮೊಣಕಾಲೆತ್ತರದ ಹುಲ್ಲು. ಮುಂದೆ ಏನಾದರೂ ಸುಳಿದರೆ ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾಗಳನ್ನು ದಾರಿಯ ಬದಿಯ ಮರಗಳಿಗೆ ಕಟ್ಟಿದೆವು. ವಾರಕ್ಕೊಮ್ಮೆ ಫೋಟೊಗಳನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡುವಾಗ ಮುಖ ಕಾಣದವನ್ನು ನಾನು ಅಳಿಸುತ್ತಾ ಹೋಗುತ್ತಿದ್ದೆ. ಸಾಬರು ಒಂದು ದಿನ ನನ್ನ ಕೈಯನ್ನೇ ಹಿಡಿದು ನಿಲ್ಲಿಸಿದರು.

"ಅಯ್ಯೋ, ಬೇಕಾಗಿರೋದನ್ನೇ ಒರಸಿ ಹಾಕ್ತಿದ್ದೀರಲ್ಲಮ್ಮಾ!"

ಪರದೆಯ ಮೇಲೆ ಹೋಗುತ್ತಿರುವ ತೋಳದ ಹಿಂಭಾಗ ಮಾತ್ರ ಇತ್ತು. ಕನ್ನಡಕ ಏರಿಸಿಕೊಂಡು, ದಸರೆಯ ಮೊದಲಿನ ಫೋಟೊ ಒಂದು, ಆಮೇಲಿನದು ಒಂದು ಪಕ್ಕಪಕ್ಕ ಇಡಿಸಿದರು. "ಬಾಲ ಹೆಂಗೆ ಪಕ್ಕಕ್ಕೆ ಸರಿಸಿದೆ ನೋಡಿ. ಊತ ಕಾಣಿಸ್ತಿದೆಯಾ? ಇದು ಬೆದೆಗೆ ಬಂದಿದೆ." ನಮ್ಮ ಮೇಷ್ಟ್ರಿಗೆ, ಅಂದರೆ ಅಧ್ಯಯನ ನಡೆಸುತ್ತಿದ್ದ ಪ್ರೊಫೆಸರಿಗೆ, ಅದೇ ಸಂಜೆ ಫೋನ್ ಮಾಡಿದೆ. ಅವರು ಹಿರಿಹಿರಿ ಹಿಗ್ಗಿದರು. ಆದರೆ ಸಾಬರ ತಲೆಯಲ್ಲಿದ್ದದ್ದು ಬೇರೆ. "ಬೆದೆಗೇನೋ ಬಂತು. ಗಂಡೆಲ್ಲಿ?"

ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಬೆಳಗಿನ ನಮಾಜು ಮುಗಿಸಿ ನೇರ ಬಯಲಿಗೆ ಬಂದು, ಮಣ್ಣಿನ ಮೇಲಿನ ಹೆಜ್ಜೆಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಹೆಣ್ಣಿನ ಹೆಜ್ಜೆ ಅವರಿಗೆ ಬಾಯಿಪಾಠ. ಅದಕ್ಕಿಂತ ದೊಡ್ಡ ತೋಳದ ಹೆಜ್ಜೆ ಒಂದೂ ಸಿಗಲಿಲ್ಲ. ಒಂಬತ್ತನೆಯ ದಿನ ಉತ್ತರವನ್ನು ಕ್ಯಾಮೆರಾ ಕೊಟ್ಟಿತು. ತೋಳದ ಹಿಂದೆ ಹತ್ತಿರದಲ್ಲೇ ಒಂದು ಕಪ್ಪು ಪ್ರಾಣಿ ನಡೆದುಹೋಗುತ್ತಿತ್ತು. ಬಾಲ ಸುರುಳಿ ಸುತ್ತಿ ಬೆನ್ನ ಮೇಲಿತ್ತು.

"ನಾಯಿ" ಎಂದೆ.

ಸಾಬರಿಗೆ ಆ ನಾಯಿಯೂ ಗೊತ್ತಿತ್ತು. ತೋಪಿನಾಚೆ ಕೋಳಿ ಫಾರಂಗಳಿದ್ದವು. ಸತ್ತ ಕೋಳಿಗಳನ್ನು ಹಳ್ಳಕ್ಕೆ ಎಸೆಯುತ್ತಿದ್ದರು. ಅವನ್ನು ತಿನ್ನಲು ಸುತ್ತಲಿನ ನಾಯಿಗಳೆಲ್ಲ ಅಲ್ಲಿ ಸೇರುತ್ತಿದ್ದವು. ಒಂಟಿಯಾಗಿದ್ದ ತೋಳವೂ ಅಲ್ಲಿಗೇ ಬರುತ್ತಿತ್ತು. ತೋಳವೂ ನಾಯಿಯೂ ಕೂಡಿದರೆ ಹುಟ್ಟುವ ಮರಿಗಳು ಪೂರ್ತಿ ತೋಳವಾಗಿರುವುದಿಲ್ಲ, ಹೀಗೇ ನಡೆದರೆ ಕೆಲವು ತಲೆಮಾರಿನಲ್ಲಿ ತೋಳದ ತಳಿಯೇ ಕಲಸಿಹೋಗುತ್ತದೆ ಎಂದು ನಾನು ವಿವರಿಸಿದೆ.

"ನಾನು ಕೆಲಸಕ್ಕೆ ಸೇರ್ದಾಗ ಈ ಊರಲ್ಲೆಲ್ಲಾ ನಾಟಿ ಹಸುಗಳೇ ಬೇಟಾ" ಎಂದರು ಸಾಬರು. "ಚಿಕ್ಕ ಕೊಂಬು, ಒದ್ಯೋ ಬುದ್ಧಿ, ಎರಡು ಲೀಟ್ರು ಹಾಲು. ಮನೆಮನೆಗೂ ಹೋಗಿ ಸೀಮೆ ತಳಿ ಸೂಜಿ ಹಾಕಿದ್ದು ನಾನೇ. ಈಗ ಹುಡುಕಿದ್ರೂ ಒಂದು ನಾಟಿ ಸಿಗಲ್ಲ. ಹಾಲು ಬಂತು, ಜನ ಚೆನ್ನಾಗಾದ್ರು, ಅದಕ್ಕೇನೂ ಬೇಜಾರಿಲ್ಲ. ಆದ್ರೆ ಬೆರಸಿದೋನೇ ಬಂದು ಬೆರಸ್ಬೇಡ ಅಂದ್ರೆ ಆ ನಾಯಿ ಕೇಳುತ್ತಾ?" ಎಂದು ನಕ್ಕರು. ಅವರು ನನ್ನನ್ನು ಬೇಟಾ ಎಂದು ಕರೆದದ್ದು ಅಂದೇ ಮೊದಲು.

ನಾಯಿಯಂತೆಯೇ ತೋಳವೂ ಕೂಡಿದ ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತದೆ. ಅವರೆಕಾಯಿ ಕಾಲ ಜೋರಾಗಿದ್ದಾಗ ಕ್ವಾರಿಯ ಬಂಡೆಗಳ ಸಂದಿಯಲ್ಲಿ ಬಿಲ ಸಿಕ್ಕಿತು. ದೂರದ ದಿಬ್ಬದ ಮೇಲಿಂದ ದುರ್ಬೀನಿನಲ್ಲಿ ನೋಡಿದೆವು. ಐದು ಮರಿಗಳು. ಮೂರು ಮಣ್ಣಿನ ಬಣ್ಣದವು, ಎರಡು ಅಚ್ಚ ಕಪ್ಪು, ಎದೆಯ ಮೇಲೆ ಬಿಳಿ. ಅವು ತಾಯಿಯ ಮೈಮೇಲೆ ಉರುಳಾಡುವುದನ್ನು ನೋಡುತ್ತಾ, ತಳಿಯ ಚಿಂತೆಯೆಲ್ಲ ಮರೆತು ನಾವಿಬ್ಬರೂ ಎರಡು ಗಂಟೆ ಅಲ್ಲೇ ಕೂತೆವು.

ಸುದ್ದಿ ಕುರಿ ಕಾಯುವ ಚಿಕ್ಕಣ್ಣನಿಗೂ ತಿಳಿಯಿತು. ಒಂದು ಬೆಳಗ್ಗೆ ನಾವು ಹೋಗುವಷ್ಟರಲ್ಲಿ ಅವನು ಗೋಣಿಚೀಲ ಹಿಡಿದು ಕ್ವಾರಿಯ ದಾರಿಯಲ್ಲಿದ್ದ. ಕಪ್ಪು ಮರಿಯೊಂದನ್ನು ತಂದು ಸಾಕುತ್ತೇನೆ, ಅದು ಮಂದೆ ಕಾದರೆ ಇನ್ನಾವ ಪ್ರಾಣಿಯೂ ಹತ್ತಿರ ಬರುವುದಿಲ್ಲ ಎಂದು ಅವನ ವಾದ.

"ಅವ್ರಪ್ಪ ನಾಯಿ ಅಂತ ನೀವೇ ಅಂದ್ರಂತೆ ಸಾಬ್ರೇ. ಅಂದ್ಮೇಲೆ ಅರ್ಧ ನಮ್ಮೂರ್ದೇ ಅಲ್ವಾ?"

"ಅರ್ಧ ಎತ್ಕೊಂಡೋಗಕ್ಕಾದ್ರೆ ಎತ್ಕೊಂಡೋಗಪ್ಪಾ" ಎಂದರು ಸಾಬರು. "ಇನ್ನರ್ಧ ಅವ್ರಮ್ಮಂಗೆ ಬಿಟ್ಟು ಹೋಗು."

ಆಮೇಲೆ ಮೊಪೆಡ್ ನಿಲ್ಲಿಸಿ, ಅವನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದರು: "ಲೇ ಚಿಕ್ಕಣ್ಣ, ನೀನು ಕೈ ಹಾಕ್ದೆ ಅಂದ್ರೆ ತಾಯಿ ಮಿಕ್ಕಿದ್ನೆಲ್ಲಾ ಕಚ್ಕೊಂಡು ಹೊಸ ಜಾಗಕ್ಕೆ ಹೋಗುತ್ತೆ. ಎಲ್ಲೋಯ್ತು ಅಂತ ನಿಂಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ. ಇಲ್ಲಿದ್ರೆ ನಾನು ದಿನಾ ನೋಡಿ ಹೇಳ್ತೀನಿ, ನೀನು ಮಂದೇನ ಬೇರೆ ಕಡೆ ಹೊಡ್ಕೊಂಡ್ಹೋಗು." ಹಿಂದಿನ ವರ್ಷ ಹೆರಿಗೆಗೆ ಕಷ್ಟಪಡುತ್ತಿದ್ದ ಅವನ ಕುರಿಯೊಂದನ್ನು ಉಳಿಸಿಕೊಟ್ಟವರು ಇದೇ ಸಾಬರು. ಚಿಕ್ಕಣ್ಣ ಗೊಣಗುತ್ತಲೇ ಚೀಲ ಮಡಿಸಿದ. ಅಂದಿನಿಂದ ಸಾಬರು ದಿನವೂ ಅವನಿಗೆ ತೋಳ ಎಲ್ಲಿದೆ ಎಂದು ಫೋನ್ ಮಾಡಿ ಹೇಳಿದರು. ಒಂದು ದಿನವೂ ತಪ್ಪಿಸಲಿಲ್ಲ.

ಆದರೂ ಮರಿಗಳು ಉಳಿಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎರಡು ಕಪ್ಪು ಮರಿಗಳು ಬಂಡೆಯ ನೆರಳಿನಲ್ಲಿ ಸತ್ತು ಬಿದ್ದಿದ್ದವು. ಕಣ್ಣು ಮೂಗಿನಲ್ಲಿ ಅಂಟಿದ್ದ ಕೀವನ್ನು ಕಂಡೊಡನೆಯೇ ಸಾಬರು ಇದು ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗವಿರಬೇಕು ಎಂದರು. ಉಳಿದ ಮೂರು ತಾಯಿಯ ಜೊತೆ ಬಿಲ ಬಿಟ್ಟವು. ಯುಗಾದಿಯ ಹೊತ್ತಿಗೆ ಕ್ಯಾಮೆರಾದಲ್ಲಿ ತಾಯಿ ಒಂದೇ ಕಾಣಿಸಿಕೊಂಡಿತು.

ನಾನು ಅತ್ತೆ. ಸಾಬರು ಅಳಲಿಲ್ಲ. ಮರುವಾರ ಕೋಳಿ ಫಾರಂಗಳಿಗೆ ಒಂದೊಂದಾಗಿ ಹೋಗಿ, ಸತ್ತ ಕೋಳಿಯನ್ನು ಗುಂಡಿ ತೋಡಿ ಹೂಳಬೇಕೆಂದು ಮಾಲೀಕರ ಬೆನ್ನು ಹತ್ತಿದರು. ತಮ್ಮ ಹಳೆಯ ಆಸ್ಪತ್ರೆಯ ಡಾಕ್ಟರನ್ನು ಒಪ್ಪಿಸಿ, ಏಳು ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕಿಸಿ, ಮರಿಯಾಗದಂತೆ ಆಪರೇಷನ್ನೂ ಮಾಡಿಸಿದರು. ಬೇಸಿಗೆಯುದ್ದಕ್ಕೂ ಅದೇ ಕೆಲಸ. ಆ ಸುರುಳಿಬಾಲದ ಕರಿಯನನ್ನು ಬಿಸ್ಕತ್ತು ತೋರಿಸಿ ತಾವೇ ಹಿಡಿದರು. "ಇಷ್ಟು ವರ್ಷ ಹುಟ್ಟಿಸ್ದೆ. ರಿಟೈರಾದ್ಮೇಲೆ ನಿಲ್ಲಿಸೋ ಕೆಲಸ ಹಿಡಿದಿದ್ದೀನಿ" ಎಂದು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಬಿಲದ ಸುತ್ತ ಆರಿಸಿ ತಳಿ ಪರೀಕ್ಷೆಗೆಂದು ಪ್ರಯೋಗಾಲಯಕ್ಕೆ ಕಳಿಸಿದ್ದ ಹಿಕ್ಕೆಗಳ ವರದಿ ಮಳೆಗಾಲದಲ್ಲಿ ಬಂತು. ಆ ವೇಳೆಗೆ ಸಾಬರು ಹೃದಯದ ತೊಂದರೆಯಿಂದ ಮಗಳ ಮನೆಯಲ್ಲಿ, ದೇವನಹಳ್ಳಿಯಲ್ಲಿದ್ದರು. ವರದಿ ಹಿಡಿದು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಮರಿಗಳ ತಂದೆ ನಾಯಿಯೇ ಎಂದು ಓದಿ ಹೇಳಿದೆ.

"ತಾಯಿ?"

"ಪೂರ್ತಿ ತೋಳ ಸರ್. ಒಂಚೂರೂ ಬೆರಕೆ ಇಲ್ಲ."

ತಲೆಯಾಡಿಸಿದರು. ಮೇಲೆ ವಿಮಾನವೊಂದು ಸದ್ದು ಮಾಡುತ್ತ ಇಳಿಯಿತು. ಆ ಸದ್ದು ಅಡಗುವವರೆಗೆ ಕಾದು ಕೇಳಿದರು: "ಬೇಟಾ, ಅದು ನಾಯಿ ಅಂತ ಆ ತೋಳಕ್ಕೆ ಗೊತ್ತಿತ್ತಾ? ಗೊತ್ತಿದ್ದೇ ಸೇರಿಸ್ಕೊಳ್ತಾ, ಇಲ್ಲ ಬೇರೆ ಯಾರೂ ಸಿಗ್ಲಿಲ್ಲ ಅಂತನಾ? ನಿಮ್ಮ ಪುಸ್ತಕದಲ್ಲಿ ಏನಾದ್ರೂ ಬರ್ದಿದ್ದಾರಾ?"

ಜೊತೆ ಸಿಗದ ತೋಳಗಳು ನಾಯಿಯೊಡನೆ ಕೂಡುವುದುಂಟು ಎಂದು ಬರೆದಿದ್ದಾರೆ, ಅದರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಬರೆದಿಲ್ಲ ಎಂದೆ.

"ನಾನೂ ಅಷ್ಟೇ ನೋಡಿ" ಎಂದರು. "ಅಷ್ಟು ಸಾವಿರ ಹಸು ನೋಡಿದ್ದೀನಿ. ಇದನ್ನ ಒಂದ್ಸಲನೂ ಯೋಚ್ನೆ ಮಾಡಿಲ್ಲ."

ಹೊರಡುವಾಗ ಹೊಸಿಲವರೆಗೂ ಬರುತ್ತೇನೆಂದು ಎದ್ದರು, ಮಗಳು ಬಿಡಲಿಲ್ಲ. ಹದಿನೈದು ದಿನಕ್ಕೆ ಅವರು ತೀರಿಕೊಂಡ ಸುದ್ದಿ ಚಿಕ್ಕಣ್ಣನಿಂದ ತಿಳಿಯಿತು. ನಾನು ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ದಸರೆ ಕಳೆದ ಮೇಲೆ ಹೆಣ್ಣುತೋಳ ಮತ್ತೆ ಬೆದೆಗೆ ಬಂತು. ಅದನ್ನು ಗುರುತಿಸಲು ಈ ಸಲ ನನಗೆ ಯಾರೂ ಬೇಕಾಗಲಿಲ್ಲ. ಹಳ್ಳದಲ್ಲಿ ಸತ್ತ ಕೋಳಿಗಳಿರಲಿಲ್ಲ, ನಾಯಿಗಳ ಹಿಂಡೂ ಇರಲಿಲ್ಲ. ಇಪ್ಪತ್ತು ದಿನದ ಫೋಟೊಗಳಲ್ಲಿ ತೋಳ ಅದೇ ದಾರಿಯಲ್ಲಿ ಹೋಗಿದೆ, ಬಂದಿದೆ, ನಿಂತು ಮಣ್ಣು ಮೂಸಿದೆ. ಹಿಂದೆ ಯಾರೂ ಇಲ್ಲ. ಆ ಚಳಿಗಾಲ ಅದು ಮರಿ ಹಾಕಲಿಲ್ಲ. 'ಬೆರಕೆ ಕಂಡುಬಂದಿಲ್ಲ' ಎಂದು ನಾನು ವರದಿಯಲ್ಲಿ ಬರೆದೆ; ಮೇಷ್ಟ್ರು ತುಂಬಾ ಮೆಚ್ಚಿಕೊಂಡರು. ನಾವು ಮಾಡಿದ್ದು ತೋಳಕ್ಕೆ ಒಳ್ಳೆಯದಾಯಿತೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅಮೀರ್‌ಜಾನ್ ಸಾಬರ ಜೊತೆ ದಿಬ್ಬದ ಮೇಲೆ ಕೂತು ಎರಡು ಗಂಟೆ ಮಾತಾಡಬೇಕಾದ ವಿಷಯ ಅದು.