ಜಡೆಪ್ಪನ ಫ್ಯಾಕ್ಟರಿ ಜಾಕೆಟ್

ಕುರೆಕುಪ್ಪದ ನಮ್ಮ ಓಣಿಯಲ್ಲಿ ಎದುರು ಮನೆಯ ಜಡೆಪ್ಪನಷ್ಟು ಸುಳ್ಳು ಹೇಳಲು ಬಾರದವನನ್ನು ನಾನು ಕಂಡಿಲ್ಲ. ಅಂಥವನು ನಾಲ್ಕು ತಿಂಗಳು ಹೆಂಡತಿ ಸಂಗಮ್ಮನಿಗೆ ಸುಳ್ಳು ಹೇಳಿದ. ಉಕ್ಕಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಗುತ್ತಿಗೆ ಕೆಲಸ ಮಾಡಿದ್ದ. ಗುತ್ತಿಗೆದಾರ ಬದಲಾದ, ಹೊಸಬನ ಪಟ್ಟಿಯಲ್ಲಿ ಐವತ್ತು ದಾಟಿದವರ ಹೆಸರೇ ಇರಲಿಲ್ಲ. ಬೇರೆ ಕೆಲಸ ಸಿಕ್ಕಮೇಲೆ ಹೇಳಿದರಾಯಿತು ಅಂದುಕೊಂಡ. ಪಿಎಫ್ ಹಣ ತೆಗೆದು ಸಂಬಳ ಅಂತ ಕೊಡುತ್ತ, ದಿನಾ ಬೆಳಿಗ್ಗೆ ಆರಕ್ಕೆ ಬೆನ್ನಮೇಲೆ ಹೊಳೆಯುವ ಪಟ್ಟಿಯ ಫ್ಯಾಕ್ಟರಿ ಜಾಕೆಟ್ ತೊಟ್ಟು ಮನೆ ಬಿಡುತ್ತಿದ್ದ. ಅದು ಮೈಮೇಲಿದ್ದರೆ ಓಣಿಯ ಕಣ್ಣಿಗೆ ಅವನು ಡ್ಯೂಟಿಗೆ ಹೊರಟವನೇ.

ನನಗೆ ಗೊತ್ತಾದದ್ದು ದೀಪಾವಳಿಗೆ ಬಂದ ತಂಗಿಯನ್ನು ಹಂಪಿಗೆ ಕರೆದುಕೊಂಡು ಹೋದಾಗ. ಹಂಪಿ ಬಜಾರಿನ ಮಂಟಪವೊಂದರಲ್ಲಿ ಜಡೆಪ್ಪ ಕಂಬಕ್ಕೆ ಒರಗಿ ಕೂತಿದ್ದ. ಹೊಸಪೇಟೆಯಲ್ಲಾದರೆ ಗುರುತಿನವರು ಸಿಗುತ್ತಾರೆ, ಇಲ್ಲಿ ಎಲ್ಲ ಪರವೂರಿನವರು ಎಂದ. ಸಂಗಮ್ಮನಿಗೆ ಹೇಳಬೇಡ ಎಂದು ಕೈಮುಗಿದ. ಹೇಳಬೇಕಿತ್ತು, ಹೇಳಲಿಲ್ಲ. ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಗಮ್ಮನದೊಂದು ಪದ್ಧತಿ. ಚಳಿ ಬಿದ್ದ ಕೂಡಲೇ ಬೀರು, ಟ್ರಂಕು ಎಲ್ಲ ಬರಿದು ಮಾಡಿ, ಹಳೆ ಬಟ್ಟೆ ಆರಿಸಿ, ಪಾತ್ರೆ ಮಾರುವ ಹೊಳೆಮ್ಮನಿಗೆ ಹಾಕಿ, ಬದಲಿಗೆ ಸ್ಟೀಲು ಡಬ್ಬಿಯನ್ನೋ ಬೋಗುಣಿಯನ್ನೋ ತೆಗೆದುಕೊಳ್ಳುವುದು. ಆಮೇಲೆ ಹೊಸಪೇಟೆಯ ರಸ್ತೆಬದಿಯ ಅಂಗಡಿಯಿಂದ ಗಂಡನಿಗೊಂದು, ತನಗೊಂದು ಬೆಚ್ಚನೆಯದು ತರುವುದು. ಈ ಸಲದ ಹಳೆ ಬಟ್ಟೆಯ ಗಂಟಿನಲ್ಲಿ ಆ ಜಾಕೆಟ್ಟೂ ಹೋಯಿತು.

ಅವತ್ತು ಭಾನುವಾರ, ಜಡೆಪ್ಪನ ಸುಳ್ಳು ಡ್ಯೂಟಿಗೂ ರಜೆ. ಕಟಿಂಗ್ ಮಾಡಿಸಿಕೊಂಡು ಬಂದವನು ಗೂಟ ಖಾಲಿ ಇದ್ದದ್ದು ನೋಡಿ ಬರಿಗಾಲಲ್ಲೇ ಓಡಿದ. ಹೊಳೆಮ್ಮನ ಆಟೋ ಆಗಲೇ ತೋರಣಗಲ್ಲು ಕಡೆ ಹೋಗಿತ್ತು. ತಿರುಗಿ ಬಂದು ಹೆಂಡತಿಯ ಮೇಲೆ ಕೂಗಾಡಿದ. ಅವನ ದನಿ ನಮ್ಮ ಮನೆಯ ತನಕ ಕೇಳಿದ್ದು ಅದೇ ಮೊದಲು. ಏನಾಯಿತೋ ಅಂತ ನಾನು ಬಾಗಿಲಿಗೆ ಹೋದೆ.

ಸಂಗಮ್ಮ ಒಳಗಿನಿಂದ ಮೆರೂನ್ ಬಣ್ಣದ ಹೊಸ ಸ್ವೆಟರ್ ತಂದು, ಹೊಸ್ತಿಲ ಮೇಲೆ ಕೂತಿದ್ದ ಅವನ ತೊಡೆಯ ಮೇಲಿಟ್ಟಳು.

"ನಾಕ್ ತಿಂಗಳಾತು, ನಿಮ್ಮ ಅಂಗಿ ಹಿಂಡಿದ್ರ ಕೆಂಪು ನೀರು ಬರಂಗಿಲ್ಲ," ಎಂದಳು. "ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ಆ ಜಾಕೆಟ್ ಇದ್ರ ತಾನ ನೀವು ಹೋಗೋದು, ಅದಕ್ಕ ಕೊಟ್ಟೆ. ನಾಳಿಂದ ಮನ್ಯಾಗ ಇರ್ರಿ."

ಅದಿರಿನ ದೂಳು ಎಷ್ಟು ಒಗೆದರೂ ಬಿಡುವುದಿಲ್ಲ ಎಂದು ಈ ಊರಿನ ಹೆಂಗಸರೆಲ್ಲ ಗೊಣಗುತ್ತೇವೆ. ಅದು ಇಲ್ಲವಾದಾಗ ಒಗೆಯುವವಳಿಗೆ ತಿಳಿಯದೆ ಇರುತ್ತದೆಯೇ? ಅಷ್ಟು ಸಣ್ಣ ಮಾತು ಜಡೆಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಜಡೆಪ್ಪ ಕೂತಲ್ಲೇ ಕೂತ. ಅವಳಿಗೆ ಗೊತ್ತಾಯಿತಲ್ಲ, ಭಾರ ಇಳಿಯಿತು ಅಂದುಕೊಂಡೆ ನಾನು. ಎಂಥ ಪೆದ್ದಿ.

"ನೀ ಗೊತ್ತಿಲ್ಲದಂಗ ಇದ್ದಿದ್ರ ಚಲೋ ಇತ್ತು," ಎಂದ ಅವನು. ಬೈದದ್ದಲ್ಲ, ಬೇಡಿಕೊಂಡ ಹಾಗಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಸ್ವೆಟರ್ ತೊಟ್ಟು ಹೊರಟೇಬಿಟ್ಟ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮನೆಯಲ್ಲಿ ಅವಳ ಮುಖ ನೋಡಿಕೊಂಡು ಕೂರುವುದು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಸಂಗಮ್ಮ ನಮ್ಮ ಮನೆಗೆ ಬಂದಳು. ಎಲ್ಲಿಗೆ ಹೋಗುತ್ತಾರೆ, ಗೊತ್ತಿದ್ದರೆ ಹೇಳು ಎಂದಳು. ಇನ್ನು ಮುಚ್ಚಿಡುವುದೇನು, ಹೇಳಿಬಿಟ್ಟೆ. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಅಲ್ಲಿ ಬಿಸಿಲರ ಬೀಳತೈತೇನಕ್ಕ?"

ಬೀಳುತ್ತದೆ ಎಂದೆ. ಬಿಸಿಲೇ ಕಾಣದ ಆ ಮಂಟಪದ ಕಲ್ಲಿನ ಮೇಲೆ ಹತ್ತು ನಿಮಿಷ ನಿಂತದ್ದಕ್ಕೇ ನನ್ನ ಅಂಗಾಲು ತಣ್ಣಗೆ ಮರಗಟ್ಟಿದ್ದವು.