ಮಾಯಣ್ಣನಿಗೆ ಕೃಷ್ಣನ ಪಾರ್ಟು

ದಬ್ಬೇಘಟ್ಟದಲ್ಲಿ ಕಾಯಿ ಸುಲಿಯುವ ಮಾಯಣ್ಣ ಕಡುಗಪ್ಪು ಆಸಾಮಿ. ಊರ ನಾಟಕದಲ್ಲಿ ರಾಕ್ಷಸನ ಪಾರ್ಟು ಅವನಿಗೇ ಮೀಸಲು. ಒಳ್ಳೆ ಕಂಠವಿತ್ತು, ಕೃಷ್ಣನಾಗುವ ಆಸೆ ಗಂಟಲವರೆಗೂ ಇತ್ತು. ಆದರೆ ಪ್ರತಿವರ್ಷ ಕೃಷ್ಣನಾಗುತ್ತಿದ್ದವನು ಕೊಬ್ಬರಿ ವ್ಯಾಪಾರಿ ರುದ್ರೇಶ. ಅವನು ಒಡೆದ ತೆಂಗಿನಕಾಯಿಯಷ್ಟು ಬಿಳುಪು.

ಈ ಸಲ ತಾಲೀಮಿಗೆ ಮುಂಚೆ ರುದ್ರೇಶನ ಅಂಗಡಿಯ ಟಿವಿಯಲ್ಲಿ ಹಳೆಯ ಹಾಲಿವುಡ್ ಸಿನಿಮಾ ಬಂತು. ಅದರಲ್ಲಿ ನಮ್ಮ ದೇಶದ ಮಹಾರಾಜನಾಗಿದ್ದವನು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಬಿಳಿಯ. ನಿಜವಾದ ನಮ್ಮವರು ಹಿಂದೆ ನಿಂತು ಚಾಮರ ಬೀಸುತ್ತಿದ್ದರು.

ರುದ್ರೇಶ ಉರಿದುಬಿದ್ದ. "ನೋಡ್ಲಾ ಮಾಯಣ್ಣ, ಇವ್ರ ಕೊಬ್ಬು! ರಾಜನ್ ಪಾರ್ಟಿಗೆ ನಮ್ಮೋರು ಒಬ್ರೂ ಸಿಗ್ನಿಲ್ವಾ?"

"ನೀನೂ ನೀಲಿ ಬಳ್ಕಂಡು ಕೃಷ್ಣ ಆಯ್ತೀಯಲ್ಲಣ್ಣ," ಎಂದ ಮಾಯಣ್ಣ. "ಕೃಷ್ಣ ಕರಿಯ ಅಲ್ವಾ? ನಾನು ಇಲ್ಲೇ ಇದ್ದೀನಲ್ಲ!"

ಅಂಗಡಿಯಲ್ಲಿದ್ದವರೆಲ್ಲ ಕಿಸಕ್ಕೆಂದರು. ರುದ್ರೇಶ ಟಿವಿ ಆರಿಸಿದ. "ಮಾಡ್ಕೊ ಹೋಗ್ಲಾ ಅತ್ಲಾಗೆ! ಈ ಸಲ ನೀನೇ ಕೃಷ್ಣ."

ನಾಟಕದ ದಿನ ಬಣ್ಣ ಹಚ್ಚುವ ಗಂಗರಾಜು ಮಾಯಣ್ಣನ ಮುಖಕ್ಕೆ ಮೊದಲು ಬಿಳಿ ಬಳಿಯತೊಡಗಿದ.

"ಬಿಳಿ ಯಾಕ್ಲಾ? ನಾನು ಕೃಷ್ಣ ಕಣ್ಲಾ!"

"ನಿನ್ ಮಖದ್ ಮ್ಯಾಲೆ ನೀಲಿ ಕಾಣಕಿಲ್ಲ ಕಣಪ್ಪ. ಮೊದ್ಲು ರುದ್ರೇಶಣ್ಣನ್ ಥರ ಬೆಳ್ಳಗಾಗು, ಆಮ್ಯಾಲೆ ಕೃಷ್ಣ ಆಗುವಂತೆ."

ಮಾಯಣ್ಣ ಟವೆಲಿನಿಂದ ಮುಖ ಉಜ್ಜಿಕೊಂಡು, ನವಿಲುಗರಿ ಸಿಕ್ಕಿಸಿ, ಕೊಳಲು ಹಿಡಿದು ಇದ್ದ ಬಣ್ಣದಲ್ಲೇ ರಂಗಕ್ಕೆ ನುಗ್ಗಿದ.

ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಕೂಗಿದಳು: "ಅಯ್ಯೋ, ಆ ರಾಕ್ಷಸನ್ ಕೈಗೆ ಕೊಳಲು ಯಾರ್ರೋ ಕೊಟ್ರು?"

"ಕೃಷ್ಣ ಕಣಜ್ಜಿ, ಒರಿಜಿನಲ್ ಕೃಷ್ಣ!" ಎಂದವನೇ ಮಾಯಣ್ಣ ಹಾರ್ಮೋನಿಯಂ ಮೇಷ್ಟ್ರಿಗೂ ಕಾಯದೆ ಹಾಡು ಎತ್ತಿಕೊಂಡ.