ಒಂದು ಹೊರೆ ಪುಳ್ಳೆ

ಓದೋಕೆ ಬಾರದವನ ತಪ್ಪನ್ನು ಬರೆದವನ ತಲೆಗೆ ಕಟ್ಟಿದರು. ನರಸಪ್ಪನಿಗೆ ಇವತ್ತಿಗೂ ಅದೇ ಸಿಟ್ಟು. ಅವನು ಬರೆದದ್ದು ಪುಳ್ಳೆ. ಆಫೀಸಿನ ಟೈಪಿಸ್ಟು ಓದಿದ್ದು ಪುಲ್ಲಿ. ಇದರಲ್ಲಿ ಬರೆದವನದೇನು ತಪ್ಪು? ಅಕ್ಷರ ಕೋಳಿ ಕೆದರಿದಂಗಿದೆ ಅಂತ ಎಲ್ಲರೆದುರಿಗೆ ಅಂದರಲ್ಲ, ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಇವನ ಸ್ಲೇಟನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದ್ದರು ಅನ್ನೋದು ಅವರಿಗೇನು ಗೊತ್ತು! ಆ ಮಾತೆತ್ತಿದರೆ ಈಗಲೂ ಅವನ ಕುತ್ತಿಗೆ ನರ ಉಬ್ಬುತ್ತೆ.

ಇದು ನಡೆದದ್ದು ಎಪ್ಪತ್ತೊಂಬತ್ತನೇ ಇಸವಿ, ಪೀಣ್ಯದಲ್ಲಿ. ನರಸಪ್ಪ ಆಗ ಒಂದು ಸಣ್ಣ ಫ್ಯಾಕ್ಟರಿಯ ಗೇಟ್ ವಾಚ್‌ಮನ್. ಅಲ್ಲಿ ಮಾಡುತ್ತಿದ್ದದ್ದು ಹಿಟ್ಟಿನ ಗಿರಣಿಗೆ ಬೆಲ್ಟು ಹಾಕೋ ಎರಕದ ಚಕ್ರ. ಇಂಗ್ಲಿಷ್ ಬಲ್ಲವರೂ ಬಾರದವರೂ ಅದನ್ನು ಪುಲ್ಲಿ ಅಂತಲೇ ಕರೆಯುತ್ತಿದ್ದರು. ಗೇಟಿನಿಂದ ಏನು ಹೊರಗೆ ಹೋದರೂ, ಖಾಲಿ ಗೋಣಿಚೀಲವೇ ಆಗಲಿ, ನರಸಪ್ಪ ರಿಜಿಸ್ಟರಿನಲ್ಲಿ ಬರೆಯಬೇಕು. ಬರೆಯುತ್ತಿದ್ದ, ಒಂದನ್ನೂ ಬಿಡುತ್ತಿರಲಿಲ್ಲ. ಮ್ಯಾನೇಜರ ಟಿಫನ್ ಕ್ಯಾರಿಯರನ್ನೂ ಬರೆದು ಒಂದು ಸಲ ಬೈಸಿಕೊಂಡಿದ್ದ.

ಕಸ ಗುಡಿಸೋ ಅಂಜಿನಮ್ಮ ರಾಜಗೋಪಾಲನಗರದಿಂದ ನಡೆದು ಬರೋಳು. ಗಂಡ ತೀರಿಹೋಗಿದ್ದ, ನರಸಪ್ಪನಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡೋಳು. ಶೆಡ್ಡಿನ ಹಿಂದೆ ಸಾಲಾಗಿ ನೀಲಗಿರಿ ಮರಗಳಿದ್ದವು, ಮಧ್ಯೆ ಎರಡು ಹೊಂಗೆ. ಕೆಲಸ ಮುಗಿದ ಮೇಲೆ ಅವುಗಳ ಬುಡದಲ್ಲಿ ಉದುರಿದ ಒಣಕಡ್ಡಿ ಆಯ್ದು, ಹಳೇ ಸೀರೆ ಅಂಚಿನಲ್ಲಿ ಬಿಗಿದು, ತಲೆ ಮೇಲೆ ಹೊತ್ತು ಐದು ಗಂಟೆಗೆ ಗೇಟಿಗೆ ಬರೋಳು. ನರಸಪ್ಪ ಬರೆಯೋನು: ‘ಪುಳ್ಳೆ, 1 ಹೊರೆ, ಅಂಜಿನಮ್ಮ.’

“ಅದನ್ಯಾಕಪ್ಪ ಬರೀತೀಯ? ಗಾಳಿಗೆ ಬಿದ್ದಿದ್ದನ್ನೆಲ್ಲ ಬರಕೊಂತ ಕೂತ್ರೆ ನಾಳೆ ನನ್ ನೆರಳೂ ಬರೀಬೇಕಾಯ್ತದೆ.”

“ರೂಲ್ಸು ಕಣಕ್ಕ. ಸುಮ್ನೆ ನಡಿ.”

ಆ ವರ್ಷ ಮುಂಗಾರಿನ ಮುಂಚೆ ಬೊಂಬಾಯಿ ಹೆಡ್ಡಾಫೀಸಿನಿಂದ ಆಡಿಟ್ ಸಾಹೇಬರು ಬಂದರು. ಸ್ಟೋರಿನಲ್ಲಿ ಎಣಿಸಿದರೆ ಹನ್ನೊಂದು ಪುಲ್ಲಿ ಕಮ್ಮಿ. ಗೇಟಿನ ರಿಜಿಸ್ಟರ್ ತರಿಸಿದರು. ಅವರಿಗೆ ಕನ್ನಡ ಬಾರದು, ಅದಕ್ಕೆ ಟೈಪಿಸ್ಟು ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಕೊಟ್ಟ. ಟೈಪಿಸ್ಟು ಧಾರವಾಡದ ಕಡೆಯವನು, ಬಂದು ಎರಡು ತಿಂಗಳಾಗಿತ್ತು. ಪುಳ್ಳೆ ಅನ್ನೋ ಮಾತನ್ನು ಕೇಳಿದವನೇ ಅಲ್ಲ. ಬೆಳಗಾದರೆ ಪುಲ್ಲಿ ಪುಲ್ಲಿ ಅಂತ ಕಿವಿಗೆ ಬೀಳೋ ಜಾಗದಲ್ಲಿ ಕೂತವನು, ವಾಚ್‌ಮನ್ ಕಾಗುಣಿತ ತಪ್ಪಿದ್ದಾನೆ ಅಂದುಕೊಂಡು ಪ್ರತಿ ಸಾಲಿಗೂ ಪುಲ್ಲಿ ಅಂತಲೇ ಹೊಡೆದ. ಆರು ತಿಂಗಳಿಗೆ ನೂರ ನಲವತ್ತು ಹೊರೆ!

ನರಸಪ್ಪನಿಗೆ ಕರೆ ಬಂತು. ಮ್ಯಾನೇಜರು ಮದರಾಸಿನ ಆಚೆ ಒಂದು ಹಳ್ಳಿಯವರು, ಅವರ ಕನ್ನಡ ಅರ್ಧಂಬರ್ಧ. ಪಕ್ಕದಲ್ಲಿ ಆಡಿಟ್ ಸಾಹೇಬರು ಕಾಫಿ ಕುಡಿಯುತ್ತಾ ಕೂತಿದ್ದರು.

“ಆ ಅಂಜಿನಮ್ಮ ದಿನಾ ತಗೊಂಡು ಹೋಗೋದು ನಿಂಗೆ ಗೊತ್ತಾ?” ಅಂದರು ಮ್ಯಾನೇಜರು.

“ಗೊತ್ತು ಸಾರ್. ನಾನೇ ಬರ್ದಿದೀನಲ್ಲ.”

“ಒಂದು ಹೊರೆಯಲ್ಲಿ ಎಷ್ಟು ಇರತ್ತೆ?”

“ಅದನ್ಯಾರು ಎಣಿಸ್ತಾರೆ ಸಾರ್? ಒಂದಿನ್ನೂರು ಇರ್ಬೋದು.”

ಮ್ಯಾನೇಜರು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಸಾಹೇಬರಿಗೆ ಕಾಫಿ ನೆತ್ತಿಗೆ ಹತ್ತಿತು.

“ಇನ್ನೂರು! ಪರ್ಮಿಶನ್ ಯಾರು ಕೊಟ್ಟಿದ್ದು?” ಅಂದರು ಮ್ಯಾನೇಜರು.

“ಅದಕ್ಯಾತಕ್ಕೆ ಪರ್ಮಿಶನ್ನು ಸಾರ್? ತಾನಾಗಿ ಉದುರ್ತದೆ, ಆಯ್ಕೊಂತಾಳೆ.”

“ಮನೆಗೆ ಹೋಗಿ ಏನು ಮಾಡ್ತಾಳೆ?”

“ಒಲೆಗಿಡ್ತಾಳೆ.”

“ಕರಗಿಸ್ತಾಳಾ?”

ನರಸಪ್ಪನ ತಾಳ್ಮೆ ಅಷ್ಟೇ. “ಕರಗಿಸೋಕೆ ಅದೇನು ಬೆಣ್ಣೆಯಾ ಸಾರ್? ಉರಿದು ಬೂದಿ ಆಯ್ತದೆ!”

ಮ್ಯಾನೇಜರು ಮೇಜು ಗುದ್ದಿದರು. “ತಮಾಷೆ ಮಾಡ್ತೀಯಾ? ಕಬ್ಬಿಣ ಬೂದಿ ಆಗತ್ತಾ? ಹನ್ನೊಂದು ಪುಲ್ಲಿ ಕಳ್ಳತನ ಆಗಿದೆ. ಎಲ್ಲಾ ನಿನ್ನ ಕೈಯಲ್ಲೇ ಬರೆದಿದೀಯ!”

ಆಗ ನರಸಪ್ಪನಿಗೆ ಗೊತ್ತಾಯಿತು, ಯಾವ ಗುಂಡಿಗೆ ಬಿದ್ದಿದ್ದೇನೆ ಅಂತ.

“ಸಾರ್, ನಾನು ಬರೆದಿದ್ದು ಪುಲ್ಲಿ ಅಲ್ಲ, ಪುಳ್ಳೆ!”

“ಅದೇ. ಪುಲ್ಲಿ.”

“ಪುಲ್ಲಿ ಅಲ್ಲ ಸಾರ್, ಪುಳ್ಳೆ!”

“ಅದೇ ಕಣಯ್ಯಾ! ನಿಮ್ಮ ಹಳ್ಳಿಯಲ್ಲಿ ಹಂಗೆ ಅಂತೀರಿ, ಅಷ್ಟೇ.”

“ಅಕ್ಷರ ಕೋಳಿ ಕೆದರಿದಂಗ ಐತ್ರೀ ಸರ,” ಅಂದ ಟೈಪಿಸ್ಟು. ಆವಾಗ ಅಂದದ್ದೇ ಅದು.

ಐದೂವರೆಗೆ ಇಬ್ಬರನ್ನೂ ಪೊಲೀಸ್ ಸ್ಟೇಷನ್ನಿಗೆ ಕಳಿಸೋದು ಅಂತ ತೀರ್ಮಾನವಾಯಿತು. ನರಸಪ್ಪ ಮನೆ ನೆನೆಸಿಕೊಂಡ. ಇದ್ದ ಒಂದೂವರೆ ಎಕರೆ ರಾಗಿ ಹೊಲ ಇದೇ ಕೈಗಾರಿಕೆ ಬಡಾವಣೆಗೆ ಹೋಗಿತ್ತು. ಈ ಖಾಕಿ ಷರ್ಟೂ ಹೋದರೆ ಮನೆಯಲ್ಲಿ ಒಲೆ ಹತ್ತೋದಿಲ್ಲ. ಕಳ್ಳ ಅನ್ನಿಸಿಕೊಂಡವನಿಗೆ ಪೀಣ್ಯದಲ್ಲಿ ಇನ್ಯಾವ ಗೇಟು ಕೊಡ್ತಾರೆ?

ಸರಿಯಾಗಿ ಐದು ಗಂಟೆಗೆ ಅಂಜಿನಮ್ಮ ಹೊರೆ ಹೊತ್ತು ಬಂದಳು. ಆಫೀಸಿಗೆ ಕರೆದರು. ಅವಳನ್ನು ಕಂಡಿದ್ದೇ ನರಸಪ್ಪನ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಗೆ ಬಂತು.

“ನಿನ್ ಹಾಳು ಪುಳ್ಳೆ ತಂದು ನನ್ ಅನ್ನಕ್ಕೆ ಕಲ್ಲು ಹಾಕ್ದಲ್ಲೇ! ಕಳ್ಳಿ ಅಂತಾವ್ರೆ ನೋಡು, ಅನ್ನಿಸ್ಕೋ!”

ಅಂಜಿನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, ಹೊರೆಯನ್ನು ಮ್ಯಾನೇಜರ ಮೇಜಿನ ಮೇಲೇ ಇಳಿಸಿದಳು. ಆಡಿಟ್ ಸಾಹೇಬರು ಗಂಟು ಬಿಚ್ಚಿಸಿ, ತೋಳು ಮಡಿಚಿ, ಮೊಣಕೈವರೆಗೂ ಕೈ ಹಾಕಿ ತಡಕಿದರು. ಕೈ ತರಚಿದ್ದೇ ಬಂತು.

“ಏನು ಹುಡುಕ್ತಾವ್ರೆ?” ಅಂದಳು.

“ಪುಲ್ಲಿ,” ಅಂದ ಟೈಪಿಸ್ಟು.

“ಪುಲ್ಲಿ ಅಲ್ಲಿ ಶೆಡ್ಡಲ್ಲಿ ರಾಶಿ ಬಿದ್ದವಲ್ಲ ಸ್ವಾಮಿ, ನಾನೇ ದಿನಾ ಅದರ ಸುತ್ತ ಗುಡಿಸ್ತೀನಿ. ಇದು ಪುಳ್ಳೆ.” ಒಂದು ಕಡ್ಡಿ ಎತ್ತಿಕೊಂಡಳು. “ಕೊಡಲಿ ಹಾಕಿ ಕಡಿದ್ರೆ ಅದು ಸೌದೆ. ಮಚ್ಚಲ್ಲಿ ಸವರಿದ್ರೆ ಸೊಪ್ಪು. ಯಾರೂ ಮುಟ್ದಂಗೆ, ಮರವೇ ಸಾಕು ಅಂತ ಬಿಟ್ಟಿದ್ದು ಪುಳ್ಳೆ. ಬೆರಳಿಗಿಂತ ದಪ್ಪ ಇರಬಾರ್ದು. ಮುರಿದ್ರೆ ಚಟ್ ಅನ್ಬೇಕು. ಬಗ್ಗಿದ್ರೆ ಅದಿನ್ನೂ ಪುಳ್ಳೆ ಆಗಿಲ್ಲ, ಮರದ್ದೇ.” ಮುರಿದಳು. ಚಟ್ ಅಂತು. “ಸೌದೆ ಗಾಡಿಗಟ್ಟಲೆ ಇದ್ರೂ ಇದಿಲ್ದೆ ಒಲೆ ಹತ್ತಾಕಿಲ್ಲ. ಸಣಕಲು ಮಗೀನ ನೋಡಿದ್ರೂ ಪುಳ್ಳೆ ಆದಂಗವ್ನೆ ಅಂತೀವಿ. ಈ ನಿಮ್ ಟೈಪಣ್ಣನಂಗೆ.”

ಮ್ಯಾನೇಜರು ಒಂದು ಕಡ್ಡಿ ತಗೊಂಡು ತಾವೂ ಮುರಿದರು. ಮೂಸಿದರು. ಆಮೇಲೆ ಕುರ್ಚಿಯಿಂದ ಎದ್ದೇ ಬಿಟ್ಟರು.

“ಅಯ್ಯಯ್ಯೋ! ಸುಳ್ಳಿ!”

ನರಸಪ್ಪ ಭುಗಿಲೆದ್ದ. “ಸುಳ್ಳಲ್ಲ ಸಾರ್! ನನ್ ಮಕ್ಕಳಾಣೆ ಸುಳ್ಳಲ್ಲ!”

“ಸುಳ್ಳು ಅಲ್ಲಪ್ಪಾ, ಸುಳ್ಳಿ! ನಮ್ಮ ತಮಿಳಲ್ಲಿ ಇದಕ್ಕೆ ಸುಳ್ಳಿ ಅಂತಾರೆ. ನಮ್ಮ ಅಜ್ಜಿ ದಿನಾ ಮಡಿಲು ತುಂಬ ತರ್ತಾ ಇದ್ರು!”

ಹೇಳುತ್ತಾ ಹೇಳುತ್ತಾ ನಗು ಶುರುವಾಯಿತು. ಕಣ್ಣಲ್ಲಿ ನೀರು ಬರೋವರೆಗೂ ನಕ್ಕು, ಅದನ್ನೇ ಇಂಗ್ಲಿಷಿನಲ್ಲಿ ಸಾಹೇಬರಿಗೆ ಹೇಳಿದರು. ಅವರು ತರಚಿದ ಕೈಯನ್ನೂ ರಿಜಿಸ್ಟರನ್ನೂ ನೋಡಿ, ತಾವೂ ಮೆಲ್ಲಗೆ ನಕ್ಕರು. ನರಸಪ್ಪ ಹೊರಗೆ ಬಂದು ಗೇಟಿನ ಸ್ಟೂಲಿನ ಮೇಲೆ ಕುಕ್ಕರಿಸಿದ. ಮಡಕೆಯಿಂದ ಎರಡು ಲೋಟ ನೀರು ಎತ್ತಿ ಕುಡಿದ. ನೀರು ಇಷ್ಟು ಸಿಹಿ ಅಂತ ಅವತ್ತೇ ಗೊತ್ತಾಗಿದ್ದು. ಹನ್ನೊಂದು ಪುಲ್ಲಿ ಮಾರನೇ ಬೆಳಿಗ್ಗೆ ಬಣ್ಣದ ಶೆಡ್ಡಿನಲ್ಲಿ ಸಿಕ್ಕವು. ಬಣ್ಣ ಹೊಡೆದು ಒಣಗೋಕೆ ಇಟ್ಟಿದ್ದನ್ನು ಯಾರೂ ಬರೆದುಕೊಂಡಿರಲಿಲ್ಲ.

ಆದರೆ ಹೊರೆ ಮಾತ್ರ ಅಂಜಿನಮ್ಮನಿಗೆ ವಾಪಸು ಸಿಗಲಿಲ್ಲ. ಹೆಡ್ಡಾಫೀಸಿನವರು ನಂಬಬೇಕಲ್ಲ ಅಂತ ಸಾಹೇಬರು ಅದಕ್ಕೆ ಇಂಗ್ಲಿಷಿನ ಚೀಟಿ ಕಟ್ಟಿಸಿ ಬೊಂಬಾಯಿಗೆ ಒಯ್ಯಲು ಇಟ್ಟುಕೊಂಡರು. ಅವಳು ಬರಿಗೈಯಲ್ಲಿ ಗೇಟಿಗೆ ಬಂದಳು.

“ಈಗ ಮುದ್ದೆ ಹೆಂಗಪ್ಪ ಬೇಯಿಸ್ಲಿ?”

ಅವಳನ್ನು ಎಲ್ಲರೆದುರಿಗೆ ಬೈದದ್ದಕ್ಕೆ ಒಂದು ಮಾತು ಹೇಳಬೇಕು ಅಂತ ನರಸಪ್ಪನಿಗಿತ್ತು. ಹೊರಗೆ ಬಂದದ್ದು ಬೇರೆ: “ನಾಳೆ ನಾನೇ ಒಂದು ಹೊರೆ ಆಯ್ದು ನಿನ್ ಮನೆಗೇ ತಂದಾಕ್ತೀನಿ, ಹೋಗಕ್ಕ.”

ಮಾರನೇ ದಿನವೇ ಮಳೆ ಹಿಡಿಯಿತು. ವಾರಗಟ್ಟಲೆ ನೆಲದ ಮೇಲೆ ಚಟ್ ಅನ್ನೋದು ಒಂದೂ ಸಿಗಲಿಲ್ಲ. ಆಮೇಲೆ ಅವನಿಗೆ ಎರಡನೇ ಶಿಫ್ಟ್ ಆಯಿತು, ಆಮೇಲೆ ಮರೆವು. ಅಂಜಿನಮ್ಮ ಮರೆಯಲಿಲ್ಲ. ಹೊರಗೆ ಹೋಗೋವಾಗೆಲ್ಲ, “ಎಲ್ಲಪ್ಪಾ ನನ್ ಹೊರೆ?” ಅಂತ ನಗೋಳು. ಇವನಿಗೆ ರೇಗೋದು. “ಕೊಡ್ತೀನಿ ಅಂದ್ಮೇಲೆ ಕೊಡ್ತೀನಿ. ಎಲ್ಲಿಗಾದ್ರೂ ಓಡೋಗ್ತೀನಾ?”

ಎಂಬತ್ತಮೂರರಲ್ಲಿ ಅವಳೇ ಹೊರಟುಹೋದಳು, ಜಿಗಣಿಗೆ, ಮಗಳ ಮನೆಗೆ. ಬಸ್ಸು ಹತ್ತುವಾಗ ಫುಟ್‌ಬೋರ್ಡಿನ ಮೇಲೆ ನಿಂತು ಕೂಗಿದಳು: “ನರಸಪ್ಪಾ, ಬಡ್ಡಿ ಸೇರಿ ಒಂದು ಗಾಡಿ ಆಗ್ಯದೆ ಕಣೋ!”

ಬರೋ ಭಾನುವಾರ ಹೋಗಿ ಬರೋಣ ಅಂದುಕೊಂಡ. ಜಿಗಣಿಗೆ ಎರಡು ಬಸ್ಸು ಬದಲಾಯಿಸಬೇಕು. ಪುಳ್ಳೆ ಹೊರೆಗೆ ಕಂಡಕ್ಟರು ಲಗೇಜು ಟಿಕೆಟ್ ಹಾಕ್ತಾನೋ ಏನೋ ಅಂತ ಯೋಚನೆ ಬಂತು. ಆ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ.